ಗುಪ್ತಚರ ಸಂಸ್ಥೆಗಳ ಬಗ್ಗೆ ಬರೆಯಬೇಕು, ಆದರೆ ನನಗೆ ಒಳಗಿನವರು ಯಾರೂ ಗೊತ್ತಿಲ್ಲ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿಯಲ್ಲಿ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕ್‌ನಲ್ಲಿ ನಾಲ್ಕು ವರ್ಷದಿಂದ ಉಪಸಂಪಾದಕಿ. ಐಬಿ, ರಾ, ಸಿಐಎ ಥರದ ಸಂಸ್ಥೆಗಳ ಬಗ್ಗೆ ಓದುವುದೆಂದರೆ ಕಾಲೇಜು ದಿನಗಳಿಂದಲೂ ಹುಚ್ಚು. ಇದರ ಬಗ್ಗೆಯೇ ಬರೆಯುವ ಪತ್ರಕರ್ತೆ ಆಗಬೇಕು ಅಂತ ಆಸೆ. ಆದರೆ ದೆಹಲಿಯಲ್ಲಿ ನನಗೆ ಯಾರೂ ಗೊತ್ತಿಲ್ಲ, ಪೊಲೀಸ್ ಅಧಿಕಾರಿಗಳ ಪರಿಚಯವೂ ಇಲ್ಲ. ಒಳಗಿನ ಮೂಲಗಳಿಲ್ಲದೆ ಈ ಕೆಲಸ ಆಗುತ್ತಾ? ಇದನ್ನೇ ನಂಬಿ ಜೀವನ ಮಾಡಬಹುದಾ? ಅಪ್ಪ ಅಂತೂ ‘ಜೈಲಿಗೆ ಹೋಗೋ ಕೆಲಸ’ ಅಂತ ಹೆದರಿದ್ದಾರೆ.

ಉತ್ತರ: ಒಳಗಿನವರ ಪರಿಚಯ ಇಲ್ಲ ಅನ್ನೋದನ್ನು ನೀವು ಕೊರತೆ ಅಂದುಕೊಂಡಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಬೀಟ್‌ನಲ್ಲಿ, ಅಂದರೆ ವರದಿಗಾರಿಕೆಯ ಈ ಕ್ಷೇತ್ರದಲ್ಲಿ, ಎಡವಿ ಬಿದ್ದವರನ್ನು ನಾನು ತುಂಬಾ ಜನ ನೋಡಿದ್ದೇನೆ. ಅವರಲ್ಲಿ ಜಾಸ್ತಿ ಜನ ಪರಿಚಯ ಇಲ್ಲದವರಲ್ಲ, ಪರಿಚಯ ಅತಿಯಾಗಿದ್ದವರು. ಮೂವತ್ತು ವರ್ಷ ಕ್ರೈಮ್, ಕೋರ್ಟು, ಗೃಹ ಇಲಾಖೆ ಅಂತ ಓಡಾಡಿದ ಮೇಲೆ ನನಗೆ ಖಾತ್ರಿಯಾಗಿರುವ ಮಾತು ಇದು: ಗುಪ್ತಚರ ಸಂಸ್ಥೆಗಳ ಬಗ್ಗೆ ಬಂದಿರುವ ಗಟ್ಟಿ ಬರವಣಿಗೆಯಲ್ಲಿ ಬಹುಪಾಲು ಹುಟ್ಟಿದ್ದು ಯಾರೂ ತಾಳ್ಮೆಯಿಂದ ಓದದ ಕಾಗದಗಳಿಂದ. ಕಿವಿಯಲ್ಲಿ ಯಾರೋ ಹೇಳಿದ ಗುಟ್ಟಿನಿಂದ ಬಂದದ್ದು ಕಮ್ಮಿ. ಬಂದದ್ದರಲ್ಲೂ ಎಷ್ಟೋ ಆಮೇಲೆ ಸುಳ್ಳಾಗಿವೆ.

ಮೊದಲು ಒಬ್ಬರ ಕಥೆ ಹೇಳುತ್ತೇನೆ. ಜೇಮ್ಸ್ ಬ್ಯಾಂಫರ್ಡ್ ಹೆಸರು ನೀವು ಕೇಳಿರಬಹುದು. ಅಮೆರಿಕದಲ್ಲಿ ಎನ್‌ಎಸ್‌ಎ ಅಂತ ಒಂದು ಸಂಸ್ಥೆ ಇದೆ, ನ್ಯಾಷನಲ್ ಸೆಕ್ಯುರಿಟಿ ಏಜೆನ್ಸಿ. ಹೊರದೇಶಗಳ ರೇಡಿಯೊ, ಫೋನು, ಈಗ ಇಂಟರ್ನೆಟ್ಟು, ಎಲ್ಲವನ್ನೂ ಕದ್ದಾಲಿಸುವುದೇ ಅದರ ಕೆಲಸ. ಶುರುವಾದದ್ದು 1952ರಲ್ಲಿ. ಎಷ್ಟೋ ವರ್ಷ ಸರ್ಕಾರ ಅದರ ಹೆಸರನ್ನೇ ಎತ್ತುತ್ತಿರಲಿಲ್ಲ. ಜನ ಆ ಮೂರು ಅಕ್ಷರಗಳನ್ನು ‘ನೋ ಸಚ್ ಏಜೆನ್ಸಿ’, ಅಂದರೆ ಅಂಥ ಏಜೆನ್ಸಿಯೇ ಇಲ್ಲ ಅಂತ ಬಿಡಿಸಿ ಹೇಳುತ್ತಿದ್ದರು. ಆ ಸಂಸ್ಥೆಯನ್ನು ಬುಡದಿಂದ ತುದಿಯವರೆಗೆ ವಿವರಿಸಿದ ಮೊದಲ ಪುಸ್ತಕ ‘ದಿ ಪಝಲ್ ಪ್ಯಾಲೆಸ್’. ಬ್ಯಾಂಫರ್ಡ್ ಬರೆದು 1982ರಲ್ಲಿ ಬಂತು. ಬರೆಯಲು ಕೂತಾಗ ಅವರು ದೊಡ್ಡ ಪತ್ರಿಕೆಯ ವರದಿಗಾರರೇನೂ ಆಗಿರಲಿಲ್ಲ. ನೌಕಾಪಡೆಯಲ್ಲಿ ಕೆಲಸ ಮಾಡಿ, ಆಮೇಲೆ ಬಾಸ್ಟನ್‌ನಲ್ಲಿ ಕಾನೂನು ಓದಿದ್ದರು.

ಅವರಿಗೆ ಬಾಗಿಲು ತೆರೆದದ್ದು ಯಾವುದು ಗೊತ್ತಾ? ವರ್ಜೀನಿಯಾದ ಲೆಕ್ಸಿಂಗ್ಟನ್ ಅನ್ನೋ ಸಣ್ಣ ಊರಿನ ಒಂದು ಲೈಬ್ರರಿ, ಜಾರ್ಜ್ ಮಾರ್ಷಲ್ ಹೆಸರಿನದು. ಸಂಕೇತ ಲಿಪಿ ಬಿಡಿಸುವುದರಲ್ಲಿ ಅಮೆರಿಕದ ಗುರು ಅನ್ನಿಸಿಕೊಂಡ ವಿಲಿಯಂ ಫ್ರೀಡ್‌ಮನ್ ತಮ್ಮ ಕಾಗದಪತ್ರಗಳನ್ನು ಆ ಲೈಬ್ರರಿಗೆ ಕೊಟ್ಟಿದ್ದರು. ಅದರ ಮಧ್ಯೆ ಎನ್‌ಎಸ್‌ಎ ತನ್ನ ನೌಕರರಿಗೆ ಹಂಚುತ್ತಿದ್ದ ಒಳಪತ್ರಿಕೆಯ ಪ್ರತಿಗಳೂ ಸೇರಿಕೊಂಡಿದ್ದವು. ಅದರಲ್ಲಿ ಒಂದು ಸಾಲು ಇತ್ತು: ಇದು ನೌಕರರಿಗೆ ಮತ್ತು ಅವರ ಮನೆಯವರಿಗೆ ಅಂತ. ಇನ್ನೊಬ್ಬರಾಗಿದ್ದರೆ ಆ ಸಾಲನ್ನು ದಾಟಿ ಮುಂದೆ ಹೋಗುತ್ತಿದ್ದರು. ಕಾನೂನು ಓದಿದ್ದ ಬ್ಯಾಂಫರ್ಡ್ ಅಲ್ಲೇ ನಿಂತರು. ನೌಕರರ ಹೆಂಡತಿ ಮಕ್ಕಳಿಗೆ ಗುಟ್ಟು ನೋಡುವ ಅಧಿಕೃತ ಅನುಮತಿ ಏನೂ ಇರುವುದಿಲ್ಲವಲ್ಲ? ಅವರಿಗೆ ಕೊಡಬಹುದಾದ ಕಾಗದವನ್ನು ನನಗೆ ಯಾಕೆ ಕೊಡಬಾರದು ಅಂತ ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ ಅರ್ಜಿ ಹಾಕಿದರು. ಸಂಸ್ಥೆಗೆ ಉತ್ತರ ಹೇಳಲು ಆಗಲಿಲ್ಲ. ಸಾವಿರಾರು ಪುಟ ಸಿಕ್ಕವು. ಯಾವ ಗೂಢಚಾರನೂ ಅವರಿಗೆ ಕತ್ತಲಲ್ಲಿ ಲಕೋಟೆ ಕೊಡಲಿಲ್ಲ, ಒಂದು ಸಾಲನ್ನು ಸರಿಯಾಗಿ ಓದಿದ್ದಕ್ಕೆ ಸಿಕ್ಕ ಫಲ ಅದು.

ಅಲ್ಲಿಗೆ ಮುಗಿಯಲಿಲ್ಲ. ಎನ್‌ಎಸ್‌ಎ ತನ್ನದೇ ದೇಶದ ಜನರ ತಂತಿ ಸಂದೇಶ, ಫೋನು ಕದ್ದಾಲಿಸಿದ ಬಗ್ಗೆ ಅಮೆರಿಕದ ನ್ಯಾಯ ಇಲಾಖೆ ತನಿಖೆ ಮಾಡಿತ್ತು. ಆ ವರದಿಯನ್ನೂ ಅವರು ಅರ್ಜಿ ಹಾಕಿ ಕಾನೂನುಬದ್ಧವಾಗಿಯೇ ಪಡೆದರು. ಕೊಟ್ಟದ್ದು ಕಾರ್ಟರ್ ಸರ್ಕಾರ. 1981ರಲ್ಲಿ ರೇಗನ್ ಸರ್ಕಾರ ಬಂದ ಮೇಲೆ ‘ಅದನ್ನು ವಾಪಸ್ ಕೊಡಿ, ಇಲ್ಲದಿದ್ದರೆ ಕೇಸು’ ಅಂತ ಬೆದರಿಕೆ ಶುರುವಾಯಿತು. ಒಮ್ಮೆ ಬಹಿರಂಗ ಮಾಡಿದ ಕಾಗದವನ್ನು ಮತ್ತೆ ಗುಟ್ಟು ಅಂತ ಮಾಡುವ ಹಾಗಿಲ್ಲ ಅಂತ ಆಗಿನ ನಿಯಮ ಇತ್ತು. ಬ್ಯಾಂಫರ್ಡ್ ಅದನ್ನೇ ಹಿಡಿದು ಕೂತರು. ಸರ್ಕಾರ ಆಮೇಲೆ ನಿಯಮವನ್ನೇ ಬದಲಿಸಿತು, ಆದರೆ ಹಳೇ ಕಾಗದಕ್ಕೆ ಹೊಸ ನಿಯಮ ಅಂಟಲಿಲ್ಲ. ಅವರು ವಾಪಸ್ ಕೊಡಲೇ ಇಲ್ಲ.

ಇದನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣ ಇದೆ. 2001ರಲ್ಲಿ ಅವರ ಇನ್ನೊಂದು ಪುಸ್ತಕಕ್ಕೆ ಅದೇ ಸಂಸ್ಥೆ ಬಾಗಿಲು ತೆರೆದು ಸಹಕಾರ ಕೊಟ್ಟಿತು. ಅಮೆರಿಕದೊಳಗೆ ಕೋರ್ಟಿನ ವಾರಂಟ್ ಇಲ್ಲದೆ ಕದ್ದಾಲಿಕೆ ನಡೆದಿದೆ ಅಂತ 2005ರಲ್ಲಿ ಬಯಲಾದಾಗ, ಮರುವರ್ಷ ಅದೇ ಸಂಸ್ಥೆಯ ವಿರುದ್ಧ ಹೂಡಿದ ದಾವೆಯಲ್ಲಿ ಬ್ಯಾಂಫರ್ಡ್ ಅರ್ಜಿದಾರರಲ್ಲಿ ಒಬ್ಬರಾದರು. ಒಳಗಿನವರು ಒಲಿದರು ಅಂತ ಅವರು ಮೆತ್ತಗಾಗಲಿಲ್ಲ. ಈ ವೃತ್ತಿಯಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ್ದು ಅದೇ. ಬೆದರಿಕೆ ತಡೆದುಕೊಳ್ಳಬಹುದು, ಒಳ್ಳೆಯ ಮಾತು ತಡೆದುಕೊಳ್ಳುವುದು ಕಷ್ಟ.

ಬ್ರಿಟನ್ನಿನ ಡಂಕನ್ ಕ್ಯಾಂಪ್‌ಬೆಲ್ ಅವರದು ಇನ್ನೊಂದು ದಾರಿ. ಅವರು ಓದಿದ್ದು ಭೌತಶಾಸ್ತ್ರ. ಒಂದು ಆಂಟೆನಾ ಯಾವ ದಿಕ್ಕಿಗೆ ಮುಖ ಮಾಡಿದೆ, ಅದರ ಅಳತೆ ಎಷ್ಟು ಅಂತ ನೋಡಿದರೆ ಅದು ಯಾರ ಮಾತು ಕೇಳುತ್ತಿದೆ ಅಂತ ಊಹಿಸಬಲ್ಲವರು. 1976ರಲ್ಲಿ ಇನ್ನೊಬ್ಬ ವರದಿಗಾರನ ಜೊತೆ ಸೇರಿ ಜಿಸಿಎಚ್‌ಕ್ಯು ಅನ್ನೋ ಬ್ರಿಟಿಷ್ ಕದ್ದಾಲಿಕೆ ಸಂಸ್ಥೆಯ ಬಗ್ಗೆ ಬರೆದರು. ಆ ಇನ್ನೊಬ್ಬ ಅಮೆರಿಕದವನಾದ್ದರಿಂದ ಅವನನ್ನು ಗಡಿಪಾರು ಮಾಡಿದರು. ಕ್ಯಾಂಪ್‌ಬೆಲ್‌ರನ್ನು 1977ರ ಫೆಬ್ರುವರಿಯಲ್ಲಿ ಬಂಧಿಸಿದರು. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿದ್ದ ಒಬ್ಬ ಮಾಜಿ ಸೈನಿಕನ ಜೊತೆ ಮಾತಾಡಿದ್ದೇ ತಪ್ಪಾಯಿತು. ಹಾಕಿದ ಸೆಕ್ಷನ್‌ಗಳು ಬೇಹುಗಾರಿಕೆಗೆ ಸಂಬಂಧಿಸಿದವು, ಸಾಬೀತಾದರೆ ಹತ್ತಾರು ವರ್ಷ ಒಳಗೆ.

ಆ ಕೇಸಿನಲ್ಲಿ ನಡೆದ ಒಂದು ಪ್ರಸಂಗವನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. ಸರ್ಕಾರದ ಪರ ಸಾಕ್ಷಿ ಹೇಳಲು ಒಬ್ಬ ಸೇನಾಧಿಕಾರಿ ಬಂದರು. ಹೆಸರು ಹೇಳುವ ಹಾಗಿಲ್ಲ, ‘ಕರ್ನಲ್ ಬಿ’ ಅಂತ ಮಾತ್ರ ಕರೆಯಬೇಕು, ಹೆಸರು ಹೊರಬಿದ್ದರೆ ದೇಶಕ್ಕೆ ಅಪಾಯ ಅಂದರು. ನೋಡಿದರೆ ಆ ಅಧಿಕಾರಿಯ ಹೆಸರು, ಅವರಿಗೆ ಸಿಕ್ಕ ಹೊಸ ಹುದ್ದೆ ಎಲ್ಲವನ್ನೂ ಸಿಗ್ನಲ್ಸ್ ವಿಭಾಗದ ಸ್ವಂತ ಮ್ಯಾಗಜೀನೇ ಅಚ್ಚು ಹಾಕಿತ್ತು. ಯಾರು ಬೇಕಾದರೂ ಓದಬಹುದಾದ ಮ್ಯಾಗಜೀನು! ಸಂಸತ್ತಿನಲ್ಲಿ ಸದಸ್ಯರು ಆ ಹೆಸರನ್ನು ಎದ್ದು ನಿಂತು ಹೇಳಿಯೂ ಬಿಟ್ಟರು. 1978ರ ಕೊನೆಗೆ ಬೇಹುಗಾರಿಕೆಯ ಆರೋಪಗಳು ಬಿದ್ದುಹೋದವು. ಉಳಿದ ಸಣ್ಣ ಆರೋಪಕ್ಕೆ ಯಾರೂ ಜೈಲಿಗೆ ಹೋಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಗುಪ್ತಚರ ಲೋಕದಲ್ಲಿ ಮದ್ದೆಲ್ಲ ಹಿತ್ತಲಲ್ಲೇ ಇರುತ್ತದೆ, ನಾವು ಕಾಡಿಗೆ ಹೋಗಿ ಹುಡುಕುತ್ತಿರುತ್ತೇವೆ.

ಅದೇ ಕ್ಯಾಂಪ್‌ಬೆಲ್ 1987ರಲ್ಲಿ ‘ಝಿರ್ಕಾನ್’ ಅನ್ನೋ ಬೇಹುಗಾರಿಕೆ ಉಪಗ್ರಹದ ಖರ್ಚನ್ನು ಸಂಸತ್ತಿನಿಂದ ಬಚ್ಚಿಟ್ಟಿದ್ದಾರೆ ಅಂತ ಬಯಲು ಮಾಡಿದಾಗ ಪೊಲೀಸರು ಗ್ಲಾಸ್ಗೋದ ಬಿಬಿಸಿ ಕಚೇರಿಗೇ ನುಗ್ಗಿ ಟೇಪುಗಳನ್ನು ಹೊತ್ತೊಯ್ದರು. ಮರುವರ್ಷ ‘ಎಷಲಾನ್’ ಅನ್ನೋ ಜಾಗತಿಕ ಕದ್ದಾಲಿಕೆ ಜಾಲದ ಬಗ್ಗೆ ಮೊದಲು ಬರೆದದ್ದೂ ಅವರೇ. 1999ರಲ್ಲಿ ಯುರೋಪಿಯನ್ ಸಂಸತ್ತು ಇದೇ ವಿಷಯದ ಮೇಲೆ ಅವರಿಂದಲೇ ವರದಿ ಬರೆಸಿಕೊಂಡಿತು. ಆರೋಪಿಯಾಗಿ ಕಟಕಟೆಯಲ್ಲಿ ನಿಂತವರು ಇಪ್ಪತ್ತು ವರ್ಷ ಬಿಟ್ಟು ತಜ್ಞರಾಗಿ ಸಂಸತ್ತಿಗೆ ವರದಿ ಬರೆದುಕೊಟ್ಟರು.

ನಮ್ಮಲ್ಲಿ ಇದೆಲ್ಲ ನಡೆಯೋದಿಲ್ಲ ಅಂತೀರಾ? ಒಂದರ್ಥದಲ್ಲಿ ನಿಜ. ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಐಬಿ, ರಾ ಮುಂತಾದವನ್ನು ಹೊರಗಿಟ್ಟಿದೆ. ಭ್ರಷ್ಟಾಚಾರ ಅಥವಾ ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಕೇಳಬಹುದು. ಈ ಕಿಂಡಿ ಸಣ್ಣದು, ಆದರೆ ಇದೆ, ಬಳಸುವವರೇ ಕಮ್ಮಿ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಇರುವ ಹಾಗೆ ಗುಪ್ತಚರ ಸಂಸ್ಥೆಗಳನ್ನು ವಿಚಾರಿಸುವ ಸಂಸದೀಯ ಸಮಿತಿ ನಮ್ಮಲ್ಲಿ ಇಲ್ಲ. ಹಾಗಾಗಿ ಸಮಿತಿಯ ವರದಿಗಳೂ ಇಲ್ಲ.

ಆದರೂ ಕಾಗದ ಇದೆ. ಒಂದು ಉದಾಹರಣೆ ನೋಡಿ. ಐಬಿ ತನ್ನ ಎಸಿಐಒ ಹುದ್ದೆಗಳಿಗೆ, ಅಂದರೆ ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ ಹುದ್ದೆಗಳಿಗೆ ಎಲ್ಲರಿಗೂ ಕಾಣುವ ಹಾಗೆ ಅರ್ಜಿ ಕರೆಯುತ್ತದೆ. ನಿಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲೂ ಅದು ಬಂದಿರುತ್ತದೆ, ಬಹುಶಃ ನೀವೇ ಎಡಿಟ್ ಮಾಡಿರುತ್ತೀರಿ. 2023ರ ಅಧಿಸೂಚನೆಯಲ್ಲಿ 995 ಹುದ್ದೆ. 2025ರದ್ದರಲ್ಲಿ 3,717. ಎರಡು ವರ್ಷದಲ್ಲಿ ಸುಮಾರು ನಾಲ್ಕು ಪಟ್ಟು! ಯಾಕೆ? ಖಾಲಿ ಬಿದ್ದ ಹುದ್ದೆ ತುಂಬುತ್ತಿದ್ದಾರಾ, ಹೊಸ ಹುದ್ದೆ ಮಂಜೂರಾಯಿತಾ? ಸಂಸತ್ತಿನಲ್ಲಿ ಯಾರಾದರೂ ಕೇಳಿದ್ದಾರಾ, ಗೃಹ ಸಚಿವಾಲಯ ಏನು ಉತ್ತರ ಕೊಟ್ಟಿದೆ? ಬಜೆಟ್‌ನಲ್ಲಿ ಗೃಹ ಸಚಿವಾಲಯದ ‘ಪೊಲೀಸ್’ ಬಾಬ್ತಿನ ಒಳಗೆ ಐಬಿಗೆ ಅಂತಲೇ ಒಂದು ಸಾಲು ಇರುತ್ತದೆ. ಹತ್ತು ವರ್ಷದ್ದನ್ನು ಪಕ್ಕಪಕ್ಕ ಬರೆದುಕೊಳ್ಳಿ. ಯಾರನ್ನೂ ಫೋನ್‌ನಲ್ಲಿ ಕಾಡದೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ ಒಂದು ಅಂಕಿಯೂ ‘ಮೂಲಗಳ ಪ್ರಕಾರ’ ಅಲ್ಲ.

ಇನ್ನೊಂದು ಗಣಿ ಇದೆ. ನೌಕರಿ ಜಗಳಗಳು. ಗೂಢಚಾರರೂ ಸರ್ಕಾರಿ ನೌಕರರೇ ತಾನೆ? ಅವರಿಗೂ ಬಡ್ತಿ ತಪ್ಪುತ್ತದೆ, ವರ್ಗಾವಣೆ ಆಗುತ್ತದೆ, ಪಿಂಚಣಿ ನಿಲ್ಲುತ್ತದೆ. ಆಗ ಅವರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ಅಲ್ಲಿಂದ ಹೈಕೋರ್ಟಿಗೆ ಹೋಗುತ್ತಾರೆ. ಆ ನ್ಯಾಯಮಂಡಳಿಯ ಪೀಠ ಬೆಂಗಳೂರಿನಲ್ಲೂ ಇದೆ. ರಾ ಸಂಸ್ಥೆಯ ಒಬ್ಬ ಮಹಿಳಾ ಅಧಿಕಾರಿ ಲೈಂಗಿಕ ಕಿರುಕುಳದ ದೂರು ಕೊಟ್ಟು, ಆಮೇಲೆ ಕಡ್ಡಾಯ ನಿವೃತ್ತಿಗೆ ಒಳಗಾಗಿ, ಸುಪ್ರೀಂ ಕೋರ್ಟ್‌ವರೆಗೆ ಹೋದರು. 2020ರ ಏಪ್ರಿಲ್‌ನ ಆ ತೀರ್ಪು ಓದಿ. ರಾ ನೌಕರರಿಗೆ 1975ರ ಸೇವಾ ನಿಯಮಗಳಿವೆ, ಗುಪ್ತಚರ ಅಧಿಕಾರಿ ಅಂತ ಗುರುತು ಬಯಲಾದರೆ ನಿವೃತ್ತಿ ಮಾಡಿಸಬಹುದು ಅನ್ನೋ 135ನೇ ನಿಯಮ ಇದೆ ಅನ್ನುವುದೆಲ್ಲ ಅದರಲ್ಲಿ ಸಲೀಸಾಗಿ ಸಿಗುತ್ತದೆ. ಆಕೆಯ ದೂರನ್ನು ನಡೆಸಿಕೊಂಡ ರೀತಿಗೆ ಕೋರ್ಟು ಪರಿಹಾರವನ್ನೂ ಕೊಡಿಸಿತು. ಸಂಸ್ಥೆ ಒಳಗೆ ಹೇಗಿದೆ ಅಂತ ಆ ಒಂದು ತೀರ್ಪಿನಿಂದ ತಿಳಿದಷ್ಟು ನನಗೆ ಹತ್ತು ನಿವೃತ್ತ ಅಧಿಕಾರಿಗಳ ಭಾಷಣದಿಂದ ತಿಳಿದಿರಲಿಲ್ಲ.

ಈಗ ಪಿಸುಮಾತಿನ ವಿಷಯಕ್ಕೆ ಬರುತ್ತೇನೆ. ಇದು ನನ್ನದೇ ತಪ್ಪು, ಹೇಳಲೇಬೇಕು.

ತೊಂಬತ್ತರ ದಶಕದ ಕೊನೆ. ಒಬ್ಬ ಅಧಿಕಾರಿ ಟೀಗೆ ಕರೆದರು. ಒಬ್ಬ ಹುಡುಗನ ಹೆಸರು, ಓಣಿ, ಓದುತ್ತಿದ್ದ ಕಾಲೇಜು ಎಲ್ಲ ಹೇಳಿ, ‘ಇವನ ಮೇಲೆ ನಮ್ಮ ಕಣ್ಣಿದೆ, ನಿಮಗೆ ಮಾತ್ರ ಹೇಳ್ತಿದ್ದೀನಿ’ ಅಂದರು. ಆ ‘ನಿಮಗೆ ಮಾತ್ರ’ ಅನ್ನೋದು ತಲೆಗೆ ಏರಿಬಿಡುತ್ತದೆ. ನಾನು ಆ ಓಣಿಗೂ ಹೋಗಲಿಲ್ಲ, ಕಾಲೇಜಿಗೂ ಹೋಗಲಿಲ್ಲ. ‘ಉನ್ನತ ಮೂಲಗಳ ಪ್ರಕಾರ’ ಅಂತ ಬರೆದೆ. ಮುಖಪುಟದಲ್ಲಿ ಬಂತು. ಆ ಹುಡುಗನ ಮೇಲೆ ಯಾವ ಕೇಸೂ ಆಗಲಿಲ್ಲ, ಅವನು ಏನೂ ಮಾಡಿರಲೂ ಇಲ್ಲ. ಮೂರು ವಾರ ಕಳೆದ ಮೇಲೆ ಅವನ ಅಪ್ಪ ಕಚೇರಿಗೆ ಬಂದರು. ಹಾಲಿನ ಕವರಿನಲ್ಲಿ ಪತ್ರಿಕೆಯನ್ನು ಎಂಟು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಬಿಚ್ಚಿ, ನನ್ನ ಮೇಜಿನ ಮೇಲೆ ಹರಡಿ, ಒಂದು ಪದದ ಮೇಲೆ ಬೆರಳಿಟ್ಟರು. ‘ಇಲ್ಲಿ ಮೂಲಗಳು ಅಂತ ಇದೆಯಲ್ಲ ಸಾರ್, ಅವರು ಎಲ್ಲಿರ್ತಾರೆ ಹೇಳಿ, ನಾನೇ ಹೋಗಿ ಕೇಳ್ತೀನಿ’ ಅಂದರು. ಬೈಯಲಿಲ್ಲ, ಅಳಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿದ್ದುಪಡಿ ಹಾಕಿಸಿದೆವು, ಒಳಪುಟದಲ್ಲಿ, ನಾಲ್ಕು ಸಾಲು. ಆ ಅಧಿಕಾರಿ ಆಮೇಲೂ ಫೋನ್ ಮಾಡುತ್ತಿದ್ದರು, ಏನೂ ಆಗದವರ ಹಾಗೆ.

ಇದೇ ತಪ್ಪು ದೊಡ್ಡದಾಗಿ ನಡೆದದ್ದು 1994ರ ಇಸ್ರೊ ಬೇಹುಗಾರಿಕೆ ಪ್ರಕರಣದಲ್ಲಿ. ಆ ವರ್ಷ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ಮಾಲ್ಡೀವ್ಸ್‌ನ ಒಬ್ಬ ಮಹಿಳೆಯನ್ನು ಹಿಡಿದರು. ನವೆಂಬರ್ ಕೊನೆಗೆ ವಿಜ್ಞಾನಿ ನಂಬಿ ನಾರಾಯಣನ್ ಬಂಧನ ಆಯಿತು. ಕೇರಳ ಪೊಲೀಸರು, ಐಬಿ ಅಧಿಕಾರಿಗಳು ವಿಚಾರಣೆ ನಡೆಸಿದರು. ವಿಚಾರಣೆಯ ಕೋಣೆಯಿಂದ ಹೊರಬಿದ್ದ ಪ್ರತಿಯೊಂದು ಮಾತೂ ಮರುದಿನ ಪತ್ರಿಕೆಗಳಲ್ಲಿ ತಲೆಬರಹ. ಅತಿ ತಣ್ಣನೆಯ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್, ಅಂದರೆ ಕ್ರಯೋಜೆನಿಕ್ ಎಂಜಿನ್ ಗುಟ್ಟು ಮಾರಿದರು ಅಂತ ಕಥೆಯ ಮೇಲೆ ಕಥೆ. 1996ರಲ್ಲಿ ಸಿಬಿಐ ಇದರಲ್ಲಿ ಹುರುಳಿಲ್ಲ ಅಂತ ವರದಿ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿತರಲ್ಲಿ ಇಬ್ಬರು ಬೆಂಗಳೂರಿನವರು. ಅವರಿಬ್ಬರೂ ಅದೇ 2018ರಲ್ಲಿ, ತೀರ್ಪು ಬಂದ ಕೆಲವೇ ದಿನ, ವಾರಗಳಲ್ಲಿ ತೀರಿಕೊಂಡರು.

ಆ ದಿನಗಳ ವರದಿಗಾರನೊಬ್ಬ ಒಳಗಿನ ಮೂಲಗಳನ್ನು ಬದಿಗಿಟ್ಟು ಒಂದೇ ಒಂದು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು: ಮಾರಿದರು ಅನ್ನುವ ಆ ವಸ್ತು ನಮ್ಮ ಹತ್ತಿರ ಇತ್ತಾ? ಕ್ರಯೋಜೆನಿಕ್ ಎಂಜಿನ್‌ಗಾಗಿ ಭಾರತ ರಷ್ಯಾದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ 1991ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. ಅಮೆರಿಕದ ಒತ್ತಡಕ್ಕೆ ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡಲ್ಲ ಅಂತ ಹಿಂದೆ ಸರಿಯಿತು. ಇದೆಲ್ಲ ಆಗಲೇ ಪತ್ರಿಕೆಗಳಲ್ಲಿ ಬಂದಿದ್ದ ಸುದ್ದಿ, ಗುಟ್ಟೇನಲ್ಲ. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇಪ್ಪತ್ತು ವರ್ಷದ ನಂತರ ಕೈಗೂಡಿದ್ದನ್ನು 1994ರಲ್ಲೇ ಮಾರಿದರು ಅಂತ ಬರೆದರು. ಆಫೀಸಿನ ಲೈಬ್ರರಿಯಲ್ಲಿ ಹಳೇ ಕಟಿಂಗ್ ಫೈಲು ತೆಗೆದು ನೋಡಿದ್ದರೆ ಗೊತ್ತಾಗುತ್ತಿತ್ತು.

ಹಾಗಂತ ಒಳಗಿನವರ ಜೊತೆ ಮಾತೇ ಆಡಬೇಡಿ ಅಂತಲ್ಲ. ಅಮೆರಿಕದ ವರದಿಗಾರ ಸೆಮೋರ್ ಹರ್ಷ್ 1974ರ ಡಿಸೆಂಬರ್‌ನಲ್ಲಿ ಸಿಐಎ ತನ್ನದೇ ದೇಶದ ಜನರ ಮೇಲೆ ಕಣ್ಣಿಟ್ಟಿತ್ತು ಅಂತ ಬರೆದದ್ದು ಒಳಗಿನವರು ಬಾಯಿಬಿಟ್ಟಿದ್ದರಿಂದಲೇ. ಅದರಿಂದ ಅಲ್ಲಿನ ಸೆನೆಟ್‌ನ ಚರ್ಚ್ ಸಮಿತಿಯ ತನಿಖೆ ನಡೆಯಿತು, 1978ರಲ್ಲಿ ಕದ್ದಾಲಿಕೆಗೆ ಕೋರ್ಟಿನ ಅನುಮತಿ ಬೇಕು ಅನ್ನೋ ಕಾನೂನು ಬಂತು. ಆದರೆ ಅದೇ ಹರ್ಷ್ 1983ರಲ್ಲಿ ಮೊರಾರ್ಜಿ ದೇಸಾಯಿ ಸಿಐಎಯಿಂದ ಹಣ ಪಡೆಯುತ್ತಿದ್ದರು ಅಂತ, ಹೆಸರಿಲ್ಲದ ಮೂಲಗಳನ್ನು ನಂಬಿ ಬರೆದರು. ಮೊರಾರ್ಜಿ ಶಿಕಾಗೊದಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದರು. 1989ರಲ್ಲಿ ಅಲ್ಲಿನ ಜ್ಯೂರಿ ಹರ್ಷ್ ಪರವಾಗಿ ತೀರ್ಪು ಕೊಟ್ಟಿತು. ಹರ್ಷ್ ಗೆದ್ದದ್ದು ಆರೋಪ ಸಾಬೀತಾಗಿದ್ದಕ್ಕಲ್ಲ, ದುರುದ್ದೇಶದಿಂದ ಬರೆದರು ಅಂತ ಸಾಬೀತಾಗದ್ದಕ್ಕೆ. ಮೂಲಗಳ ಹೆಸರು ಹೊರಗೆ ಬರಲೇ ಇಲ್ಲ. ಆಗ ಮೊರಾರ್ಜಿ ಅವರಿಗೆ ತೊಂಬತ್ತು ದಾಟಿತ್ತು. ಆರೋಪ ನಿಜವೋ ಸುಳ್ಳೋ ಅಂತ ನಾವು ಇವತ್ತಿಗೂ ತೂಗಿ ನೋಡಲು ಒಂದು ಕಾಗದವೂ ಇಲ್ಲ. ಕೇಸು ಗೆದ್ದರೂ ಅದು ಒಳ್ಳೆಯ ವರದಿ ಅಂತ ನಾನು ಒಪ್ಪುವುದಿಲ್ಲ.

ಮೂಲಗಳು ಬಂದಾಗ, ಮುಂದೆ ಬರುತ್ತಾರೆ, ಎರಡು ಥರ ಇರುತ್ತಾರೆ. ಒಬ್ಬರು ತಾವಾಗಿ ಕರೆದು, ಟೀ ಕೊಟ್ಟು, ಹೇಳುವವರು. ಇನ್ನೊಬ್ಬರು ನೀವು ಕಾಗದ ಹಿಡಿದು ಹೋಗಿ ಕೇಳಿದಾಗ, ಬೆವರುತ್ತಾ, ‘ಇದು ಸರಿಯಿದೆ, ಅದು ತಪ್ಪು’ ಅಂತ ಎರಡೇ ಮಾತು ಹೇಳುವವರು. ಎರಡನೆಯವರನ್ನು ಜೀವ ಕೊಟ್ಟಾದರೂ ಕಾಪಾಡಿ. 2017ರಲ್ಲಿ ಅಮೆರಿಕದ ಒಂದು ಜಾಲಪತ್ರಿಕೆಗೆ ಎನ್‌ಎಸ್‌ಎ ದಾಖಲೆಯೊಂದು ಅಂಚೆಯಲ್ಲಿ ಬಂತು. ನಿಜವೋ ಅಂತ ಕೇಳಲು ಅದರ ಪ್ರತಿಯನ್ನೇ ಸರ್ಕಾರಕ್ಕೆ ತೋರಿಸಿದರು. ಅದರಲ್ಲಿ ಮಡಿಕೆಯ ಗುರುತು ಇತ್ತು. ಅಂದರೆ ಪ್ರಿಂಟ್ ತೆಗೆದು ಹೊರಗೆ ಒಯ್ದಿದ್ದಾರೆ ಅಂತ ಗೊತ್ತಾಯಿತು. ಪ್ರಿಂಟ್ ತೆಗೆದವರು ಆರೇ ಜನ. ರಿಯಾಲಿಟಿ ವಿನ್ನರ್ ಅನ್ನೋ ಇಪ್ಪತ್ತೈದು ವರ್ಷದ ಹೆಣ್ಣುಮಗಳು ಸಿಕ್ಕಿಬಿದ್ದಳು, ಐದು ವರ್ಷ ಮೂರು ತಿಂಗಳ ಶಿಕ್ಷೆ. ಬಂದ ಕಾಗದವನ್ನು ಯಾರಿಗೂ ತೋರಿಸಬೇಡಿ. ಅದರಲ್ಲಿರುವುದನ್ನು ನಿಮ್ಮ ಮಾತಿನಲ್ಲಿ ಬರೆದುಕೊಂಡು ಕೇಳಿ. ಫೋನಿನ ಬಗ್ಗೆಯಂತೂ ಹೇಳುವುದೇ ಬೇಡ. ಫೋನಿನೊಳಗೆ ನುಸುಳಿ ಬೇಹುಗಾರಿಕೆ ಮಾಡುವ ಪೆಗಾಸಸ್ ತಂತ್ರಾಂಶದ 2021ರ ಪಟ್ಟಿಯಲ್ಲಿ ಎಷ್ಟು ಪತ್ರಕರ್ತರ ನಂಬರ್‌ಗಳಿದ್ದವು ಅಂತ ನೀವೇ ಡೆಸ್ಕ್‌ನಲ್ಲಿ ನೋಡಿರುತ್ತೀರಿ. ಅದರ ತನಿಖಾ ಸಮಿತಿಯ ಮೇಲ್ವಿಚಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದು ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಅವರನ್ನು. ಪರೀಕ್ಷೆಗೆ ಬಂದ 29 ಫೋನ್‌ಗಳಲ್ಲಿ ಐದರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಅಂತಲೂ ಸಮಿತಿ ಹೇಳಿತು. ಹಾಗಾಗಿ ಮುಖ್ಯವಾದ ಮಾತು ಎದುರುಬದುರು ಕೂತು ಆಡಿ, ಫೋನು ಮನೆಯಲ್ಲಿ ಬಿಟ್ಟು ಹೋಗಿ.

ಇನ್ನು ಅಪ್ಪನ ಭಯ. ಅವರಿಗೆ ಏನೂ ಆಗಲ್ಲ ಅಂತ ಸುಳ್ಳು ಹೇಳಬೇಡಿ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬ್ರಿಟಿಷರು ಮಾಡಿದ್ದು, ಇವತ್ತಿಗೂ ಇದೆ. ಬೇಹುಗಾರಿಕೆಯ 3ನೇ ಸೆಕ್ಷನ್‌ಗೆ 14 ವರ್ಷದವರೆಗೆ, ಮಾಹಿತಿ ಇಟ್ಟುಕೊಂಡಿದ್ದಕ್ಕೆ, ಕೊಟ್ಟಿದ್ದಕ್ಕೆ 5ನೇ ಸೆಕ್ಷನ್‌ಗೆ 3 ವರ್ಷದವರೆಗೆ ಶಿಕ್ಷೆ. ಬ್ರಿಟಿಷರು ತಮ್ಮ ಊರಿನಲ್ಲಿ ಇದಕ್ಕೆ ಸಮನಾದ ಹಳೇ ಸೆಕ್ಷನ್ ಅನ್ನು 1989ರಲ್ಲೇ ತೆಗೆದುಹಾಕಿದರು, ನಮ್ಮಲ್ಲಿ ಉಳಿದಿದೆ. 2002ರ ಜೂನ್‌ನಲ್ಲಿ ದೆಹಲಿಯ ಪತ್ರಕರ್ತ ಇಫ್ತಿಕಾರ್ ಗಿಲಾನಿ ಅವರನ್ನು ಇದೇ ಕಾಯ್ದೆಯಡಿ ಹಿಡಿದರು. ಅವರ ಕಂಪ್ಯೂಟರ್‌ನಲ್ಲಿದ್ದ ಕಾಶ್ಮೀರದ ಕುರಿತ ಒಂದು ಪ್ರಬಂಧ ದೇಶದ ಗುಟ್ಟು ಅಂದರು. ಅದು ಪಾಕಿಸ್ತಾನದ ಒಂದು ಸಂಸ್ಥೆ ಪ್ರಕಟಿಸಿ, ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತಿದ್ದ ಪ್ರಬಂಧ. ಏಳು ತಿಂಗಳು ತಿಹಾರ್ ಜೈಲಿನಲ್ಲಿದ್ದರು. 2003ರ ಜನವರಿಯಲ್ಲಿ ಸರ್ಕಾರವೇ ಕೇಸು ವಾಪಸ್ ಪಡೆಯಿತು. ಅವರು ಹೊರಬರಲು ನೆರವಾದದ್ದು ಅದು ಎಲ್ಲಿಂದ ಬಂತು ಅಂತ ತೋರಿಸಲು ಸಾಧ್ಯವಾದದ್ದು. ಆದ್ದರಿಂದ ಪ್ರತಿ ಕಾಗದಕ್ಕೂ ಎಲ್ಲಿ ಸಿಕ್ಕಿತು, ಯಾವ ದಿನ, ಯಾವ ಪುಟ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಅದರ ಪ್ರತಿಯನ್ನು ನಂಬಿಕಸ್ಥ ವಕೀಲರ ಹತ್ತಿರ ಇಡಿ. ಅಪ್ಪನಿಗೆ ಆ ನೋಟ್‌ಬುಕ್ ತೋರಿಸಿ. ಮತ್ತೆ, ಹೊರದೇಶದಲ್ಲಿ ಈಗ ಕೆಲಸದಲ್ಲಿರುವ ಅಧಿಕಾರಿಯ ಹೆಸರು, ನಡೆಯುತ್ತಿರುವ ಕಾರ್ಯಾಚರಣೆಯ ಜಾಗ, ಇವು ಕೈಗೆ ಸಿಕ್ಕರೂ ಬರೆಯಬೇಡಿ. ಅದು ಹೆದರಿಕೆಗಲ್ಲ, ಅಲ್ಲಿ ಒಬ್ಬರ ಜೀವ ಇರುತ್ತದೆ.

ದುಡ್ಡಿನ ವಿಷಯ ಚಿಕ್ಕದು. ಇದೊಂದೇ ಬೀಟ್‌ಗೆ ಸಂಬಳ ಕೊಡುವ ಕನ್ನಡ ಪತ್ರಿಕೆ ನನಗೆ ಗೊತ್ತಿಲ್ಲ. ಕೋರ್ಟು, ಗೃಹ ಇಲಾಖೆ, ಪೊಲೀಸ್ ಬೀಟ್ ಮಾಡುತ್ತಾ ಇದನ್ನು ಬೆಳೆಸಬೇಕು. ಕ್ಯಾಂಪ್‌ಬೆಲ್ ಅವರೂ ಬರವಣಿಗೆಯೊಂದನ್ನೇ ನಂಬಿಕೊಳ್ಳದೆ ಕೋರ್ಟುಗಳಲ್ಲಿ ಕಂಪ್ಯೂಟರ್ ಸಾಕ್ಷ್ಯದ ತಜ್ಞರಾಗಿ ಕೆಲಸ ಮಾಡಿದರು. ನಿಮಗೂ ಒಂದು ಎರಡನೇ ವಿದ್ಯೆ ಇರಲಿ. ಕಾನೂನು ಓದಿ ಅಂತ ನಾನು ಹೇಳುತ್ತೇನೆ. ಡೆಸ್ಕ್ ಬಿಡಬೇಡಿ, ಡೆಸ್ಕ್‌ನಲ್ಲಿ ಕೂತವರಿಗೇ ಓದುವ ಅಭ್ಯಾಸ ಇರೋದು.

ಶುರು ಎಲ್ಲಿಂದ ಅಂತೀರಾ? ದೆಹಲಿಯಿಂದ ಬೇಡ. ನಮ್ಮಲ್ಲೇ ಒಂದು ಕಥೆ ಇದೆ. 1988ರ ಆಗಸ್ಟ್‌ನಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. 1991ರಲ್ಲಿ ದೆಹಲಿಯ ‘ಮೇನ್‌ಸ್ಟ್ರೀಮ್’ ಅನ್ನೋ ಸಣ್ಣ ವಾರಪತ್ರಿಕೆ ರಾಜಕಾರಣಿಗಳ ಫೋನ್ ಕದ್ದಾಲಿಕೆ ಬಗ್ಗೆ ಸಿಬಿಐ ವರದಿಯ ವಿಷಯ ಪ್ರಕಟಿಸಿತು. ಅದನ್ನು ಹಿಡಿದು ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್‌ನಲ್ಲಿ ಕೋರ್ಟು ಗೃಹ ಕಾರ್ಯದರ್ಶಿಯ ಆದೇಶ ಇಲ್ಲದೆ ಕದ್ದಾಲಿಸುವ ಹಾಗಿಲ್ಲ, ಆದೇಶವನ್ನು ಒಂದು ಸಮಿತಿ ಪರಿಶೀಲಿಸಬೇಕು ಅಂತ ಹೇಳಿತು. ಈಗ ನಿಮ್ಮ ಪ್ರಶ್ನೆ: ಆ ಪರಿಶೀಲನಾ ಸಮಿತಿ ಕರ್ನಾಟಕದಲ್ಲಿ ಇದೆಯಾ, ಅದರಲ್ಲಿ ಯಾರಿದ್ದಾರೆ, ವರ್ಷಕ್ಕೆ ಎಷ್ಟು ಸಲ ಕೂರುತ್ತದೆ, ಎಷ್ಟು ಆದೇಶಗಳನ್ನು ರದ್ದು ಮಾಡಿದೆ? ಹೆಸರು ಬೇಡ, ಬರೀ ಸಂಖ್ಯೆ ಕೇಳಿ. ರಾಜ್ಯದ ಒಳಾಡಳಿತ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಕೊಡಲ್ಲ ಅಂದರೆ ಅದನ್ನೂ ಲಿಖಿತವಾಗಿ ತೆಗೆದುಕೊಳ್ಳಿ, ಮೇಲ್ಮನವಿ ಹಾಕಿ. ನಿಮ್ಮ ಪಕ್ಕದಲ್ಲೇ ಧಾರವಾಡದ ಹೈಕೋರ್ಟ್ ಪೀಠ ಇದೆ, ಕದ್ದಾಲಿಕೆಯ ಸಾಕ್ಷ್ಯ ಇರುವ ಕೇಸುಗಳ ಆದೇಶ ಹುಡುಕಿ. ಅರ್ಜಿಗೆ ಬಂದ ಉತ್ತರ, ನಿರಾಕರಣೆಯಾದರೂ ಸರಿ, ನನಗೆ ಕಳಿಸಿ. ಮುಂದಿನ ಅರ್ಜಿಯ ಒಕ್ಕಣೆ ಇಬ್ಬರೂ ಕೂತು ಬರೆಯೋಣ.